ಇಪ್ಪತ್ತು ಬಿಟ್ಟಿನ ಡಬ್ಬಿ

ಸೇಲಂ, 12 ನವೆಂಬರ್ 1999, ಶುಕ್ರವಾರ

ಈ ನೋಟ್‌ಬುಕ್ಕನ್ನು ನಾನು ಬಚ್ಚಿಡುವುದಿಲ್ಲ. ಯಾರು ಬೇಕಾದರೂ ತೆಗೆದು ನೋಡಲಿ. ಈ ರೆಕಾರ್ಡಿಂಗ್ ಸೆಂಟರಿನಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಕನ್ನಡ ಓದಲು ಬರುವುದು ನನಗೊಬ್ಬನಿಗೇ. ಕೊಳ್ಳೇಗಾಲದ ಚಿಕ್ಕಪ್ಪನ ಮನೆಯಲ್ಲಿದ್ದು ಒಂಬತ್ತನೇ ಕ್ಲಾಸಿನವರೆಗೆ ಓದಿದ್ದಕ್ಕೆ ಸಿಕ್ಕ ಲಾಭ ಇಷ್ಟೇ. ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಮಾಡಿದರು, ತಪ್ಪು ಎಂದೆ. ಕ್ಷಮೆ ಕೇಳು ಎಂದರು. ಕೇಳಲಿಲ್ಲ. ಹದಿನೇಳು ದಿನ ಬಾಗಿಲ ಹೊರಗೆ ನಿಂತೆ. ಹದಿನೆಂಟನೇ ದಿನ ಹೋಗಲಿಲ್ಲ. ಪುಸ್ತಕದ ಋಣ ಅಲ್ಲಿಗೆ ಮುಗಿಯಿತು.

ಇವತ್ತು ಡಬ್ಬಿ ಬಂತು. ನಮ್ಮ ಯಜಮಾನ ಕುಪ್ಪಸ್ವಾಮಿ ಅಣ್ಣನ ಭಾವಮೈದ ಸಿಂಗಪುರದಿಂದ ತಂದುಕೊಟ್ಟದ್ದು. ಸೋಪಿನ ಪೆಟ್ಟಿಗೆಯಷ್ಟೇ ಇದೆ. ಒಂದು ಕಡೆ ಮೈಕಿಗೆ ತೂತು, ಇನ್ನೊಂದು ಕಡೆ ಕಂಪ್ಯೂಟರಿಗೆ ಚುಚ್ಚುವ ಯು.ಎಸ್.ಬಿ. ವಯರು. ಕಂಪ್ಯೂಟರಿನ ಹೊಟ್ಟೆಯಲ್ಲೇ ಇರುವ ಸೌಂಡ್ ಕಾರ್ಡಿಗೆ ಮೈಕ್ ಸಿಕ್ಕಿಸಿದರೆ ಫ್ಯಾನಿನ ಗುಂಯ್ ಶಬ್ದವೂ ಮಾತಿನ ಜೊತೆ ಸೇರಿಕೊಳ್ಳುತ್ತದೆ. ಈ ಡಬ್ಬಿ ಹೊರಗೇ ಕೂತು ದನಿಯನ್ನು ಅಂಕಿಗಳಾಗಿ ಮಾಡಿ ಒಳಗೆ ಕಳಿಸುತ್ತದಂತೆ. ರಟ್ಟಿನ ಮೇಲೆ ಇಪ್ಪತ್ತು ಬಿಟ್ ಎಂದು ದೊಡ್ಡದಾಗಿ ಅಚ್ಚಾಗಿದೆ. ಅಣ್ಣ ಬಂದವರಿಗೆಲ್ಲ ಅದನ್ನು ತೋರಿಸಿದ. ಹಾಗೆಂದರೇನು ಎಂದು ಪಕ್ಕದ ಅಂಗಡಿಯವನು ಕೇಳಿದಾಗ ನನ್ನ ಕಡೆ ನೋಡಿದ. ಗೊತ್ತಿಲ್ಲ ಎಂದೆ. ಅಣ್ಣನ ಮುಖ ಕಹಿಯಾಯಿತು.

ಡಬ್ಬಿಗೆ ಪೂಜೆ ಮಾಡಿದ್ದು ಅಣ್ಣನ ತಾಯಿ ಪೆದ್ದಮ್ಮ. ಅರಿಶಿನ, ಕುಂಕುಮ, ಒಂದು ನಿಂಬೆಹಣ್ಣು. ಹತ್ತು ಗಂಟೆ ಹದಿನೈದು ನಿಮಿಷ ಆಗಿತ್ತು.

"ಅತ್ತೂವರೆಗೆ ರಾವುಕಾಲ ಐತೆ. ಬಿರ್ನೆ ಚುಚ್ಚಲಾ ಪಳನಿ!" ಎಂದ ಅಣ್ಣ.

"ಜೊತೇಲಿ ಒಂದ್ ಸಿ.ಡಿ. ಐತೆ ಅಣ್ಣಾ. ಅದ್ನ ಆಕೋಕೆ ಕಾಲು ಗಂಟೆ ಆಯ್ತದೆ."

"ಸಿ.ಡಿ. ಸಾಯಂಕಾಲ ಆಕ್ಕೊ. ನಲ್ಲ ನೇರ, ಒಳ್ಳೆ ಗಳಿಗೆ, ನಿಂಗೋಸ್ಕರ ನಿಂತ್ಕತದಾ?"

ಚುಚ್ಚಿದೆ. ಪೆದ್ದಮ್ಮ ಕರ್ಪೂರ ಹಚ್ಚಿದರು. ಡಬ್ಬಿಯ ಜೊತೆಗಿದ್ದ ಕಾಗದಗಳಿಗೆ ಮೂಲೆಯಲ್ಲಿ ಅರಿಶಿನ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಹೊಸ ಸಾಮಾನಿನ ಕಾಗದ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ದೇವರ ಮುಂದೆ ಇರಬೇಕಂತೆ. ಫ್ರಿಜ್ಜಿನ ಕಾಗದವೂ ಹಾಗೇ ಇತ್ತಂತೆ, ಫ್ರಿಜ್ಜು ಇನ್ನೂ ಓಡುತ್ತಿದೆಯಂತೆ.

ಹೊಸದೇನೋ ಸಿಕ್ಕಿತು ಎಂದು ಕಂಪ್ಯೂಟರ್ ಹೇಳಿತು. ಆಮೇಲೆ ಪಟ್ಟಿಯಲ್ಲಿ ಡಬ್ಬಿಯ ಹೆಸರಿನ ಪಕ್ಕ ಒಂದು ಹಳದಿ ಗುಂಡು, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ನನಗೂ ಆಶ್ಚರ್ಯವೇ ಆಯಿತು.

13 ನವೆಂಬರ್, ಶನಿವಾರ

ಸಿ.ಡಿ. ಹಾಕಿದೆ. ಅದರಲ್ಲಿ ಡ್ರೈವರ್ ಇದೆ. ಡ್ರೈವರ್ ಅಂದರೆ ಡಬ್ಬಿಯ ಮಾತನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡುವ ಪ್ರೋಗ್ರಾಂ. ಹಳದಿ ಗುಂಡು ಹೋಯಿತು. ಕೂಗಿಬಿಟ್ಟೆ. ಮೈಕಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿ ತಿರುಗಿಸಿ ಕೇಳಿದರೆ ಚಟ್ ಚಟ್ ಎಂದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಐದು, ಒಂಬತ್ತು, ಹದಿನಾರು ಇರಲೇ ಇಲ್ಲ.

ಅಷ್ಟರಲ್ಲಿ ಒಬ್ಬರು ಕೆಮ್ಮುತ್ತ ಬಂದರು. ಜೊತೆಗೆ ಇಪ್ಪತ್ತು ವರ್ಷದ ಮಗಳು, ಕಣ್ಣು ಕಾಣುವುದಿಲ್ಲ. ಹೆಸರು ಸೇತುಮಾಧವ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಮಗಳು ಅಪರ್ಣಾ ಅಂಚೆ ಮೂಲಕ ಬಿ.ಎ. ಓದುತ್ತಿದ್ದಾಳೆ, ಚರಿತ್ರೆ, ತಮಿಳಿನಲ್ಲಿ. ಅವಳ ಪಾಠಗಳನ್ನೆಲ್ಲ ಇವರೇ ಕ್ಯಾಸೆಟ್ಟಿನಲ್ಲಿ ಓದಿಕೊಡುತ್ತಿದ್ದರು. ಆರು ವರ್ಷದಿಂದ ಹಿಂದಕ್ಕೂ ಮುಂದಕ್ಕೂ ಓಡಿಸಿ ಅವರ ಟೇಪ್ ರೆಕಾರ್ಡರ್ ಈಗ ಟೇಪನ್ನೇ ಅಗಿಯುತ್ತಿದೆಯಂತೆ. ಸಿ.ಡಿ.ಯಾದರೆ ಪಾಠಕ್ಕೊಂದು ನಂಬರ್ ಇರುತ್ತದೆ, ಒತ್ತಿದರೆ ನೇರ ಅಲ್ಲಿಗೇ ಹೋಗಬಹುದು, ಅದಕ್ಕೇ ಬಂದರು.

ಒಟ್ಟು ಹನ್ನೊಂದು ಪಾಠ. ಇಪ್ಪತ್ತೇಳಕ್ಕೆ ಅವರು ಮದ್ರಾಸಿಗೆ ಹೋಗುತ್ತಾರೆ. ಗಂಟಲಲ್ಲಿ ಗಡ್ಡೆ. ಇಪ್ಪತ್ತೊಂಬತ್ತನೇ ತಾರೀಕು ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುತ್ತಾರೆ. ಇದನ್ನು ಅವರು ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದರು. ಆಮೇಲೆ ಮಾತೇ ಇರುವುದಿಲ್ಲವಂತೆ.

"ಇಪ್ಪತ್ತು ಬಿಟ್ಟು ಸಾರ್. ಸೋಮವಾರ ಬನ್ನಿ, ಕುಂತ್ಕಂಡು ಓದ್ತಾ ಇರೋದೇ" ಎಂದ ಅಣ್ಣ.

ಅವರು ನನ್ನನ್ನು ನೋಡಿದರು. "ಸೋಮವಾರ ಆಗತ್ತೇನಪ್ಪಾ?"

"ಗೊತ್ತಿಲ್ಲ ಸಾರ್" ಎಂದೆ. ಅವರು ಹೋದ ಮೇಲೆ ಅಣ್ಣ ಬೈದ ಬೈಗುಳವನ್ನು ಬರೆಯಲು ಕನ್ನಡದಲ್ಲಿ ಅಕ್ಷರ ಸಾಲದು, ಅರ್ಧ ತಮಿಳು.

ಅವರ ಕೆಮ್ಮಿನಲ್ಲಿ ನನಗೆ ಚಟ್ ಚಟ್ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಟೆಸ್ಟ್ ಮಾಡಬೇಕು.

15 ನವೆಂಬರ್, ಸೋಮವಾರ

ಡ್ರೈವರ್ ತೆಗೆದೆ, ಹಾಕಿದೆ. ತೆಗೆದೆ, ಹಾಕಿದೆ. ವಯರನ್ನು ಹಿಂದಿನ ಎರಡು ತೂತುಗಳಲ್ಲೂ ಬದಲಿಸಿ ನೋಡಿದೆ. ಒಂದು ಸಲ ಶಬ್ದವೇ ಇಲ್ಲ, ಒಂದು ಸಲ ಸಾಸಿವೆ. ಒಂದು ಸಲ ನನ್ನ ದನಿ ಹೆಂಗಸಿನ ದನಿಯ ಹಾಗೆ ಬಂತು. ಪೆದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಕಂಪ್ಯೂಟರ್ ಜೋಡಿಸಿಕೊಟ್ಟ ಹರಿಪ್ರಸಾದ್‌ಗೆ ಫೋನ್ ಮಾಡಿದೆ. ಅವನು ಏನು ಕೇಳಿದರೂ ಒಂದೇ ಔಷಧ ಹೇಳುವ ಡಾಕ್ಟರು. "ಫಾರ್ಮ್ಯಾಟ್ ಮಾಡಿಬಿಡಿ." ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಮೊದಲಿಂದ ವಿಂಡೋಸ್ ತುಂಬುವುದು.

ಸೇತುಮಾಧವರು ಹೇಳಿದ ಸಮಯಕ್ಕೆ ಬಂದು ಎರಡು ಗಂಟೆ ಬೆಂಚಿನ ಮೇಲೆ ಕೂತು ಹೋದರು.

ಹೊಸೂರಿನಿಂದ ಗೆಳೆಯ ಮಾರಿಯಪ್ಪನ ಕಾಗದ ಬಂದಿದೆ. ಅವನ ಫ್ಯಾಕ್ಟರಿಯಲ್ಲಿ ಆಳು ಬೇಕಂತೆ. ಎರಡು ವರ್ಷದಲ್ಲಿ ಇದು ನನ್ನ ನಾಲ್ಕನೇ ಕೆಲಸ. ಪಾಲಕೋಡಿನ ಮಂಡಿಯಲ್ಲಿ ಟೊಮೇಟೊ ಆರಿಸುವ ನಮ್ಮಮ್ಮ ಮಾದಮ್ಮ, ಇದನ್ನೂ ಬಿಟ್ಟರೆ ಮನೆಗೆ ಬರಬೇಡ ಎಂದಿದ್ದಾಳೆ. ಹೊಸೂರಿಗೆ ಹೋಗಲು ಪಾಲಕೋಡಿನ ಮೇಲೇ ಹೋಗಬೇಕಾಗಿಲ್ಲ. ತಿಂಗಳ ಕೊನೆಗೆ ಹೋಗಿಬಿಡುತ್ತೇನೆ.

16 ನವೆಂಬರ್

ಫಾರ್ಮ್ಯಾಟ್ ಮಾಡಿದೆ. ಇಡೀ ದಿನ ವಿಂಡೋಸ್ ತುಂಬುವುದರಲ್ಲೇ ಹೋಯಿತು.

17 ನವೆಂಬರ್, ಬುಧವಾರ

ಫಾರ್ಮ್ಯಾಟ್ ಅಂದರೆ ಎಲ್ಲ ಹೊಸದಾದ ಹಾಗೆ ಎಂದು ನಾನೇ ಪೆದ್ದಮ್ಮನಿಗೆ ಹೇಳಿದೆ. ತಪ್ಪಾಯಿತು. "ಅಂಗಾದ್ರೆ ಮತ್ತೆ ಪೂಜೆ ಆಗ್ಬೇಕಲ್ಲ ಮಗಾ" ಎಂದು ಇನ್ನೊಂದು ನಿಂಬೆಹಣ್ಣು ತಂದರು. ಬುಧವಾರ ಹನ್ನೆರಡಕ್ಕೆ ರಾಹುಕಾಲ. ಹನ್ನೊಂದು ಮುಕ್ಕಾಲಿಗೆ ಡಬ್ಬಿ ಚುಚ್ಚಿದೆ, ಕರ್ಪೂರ, ಆಮೇಲೆ ಊಟ, ಆಮೇಲೆ ಸಿ.ಡಿ.

ಸಾಸಿವೆ.

ಸಂಜೆಯವರೆಗೆ ಸೆಟ್ಟಿಂಗುಗಳನ್ನೆಲ್ಲ ತಿರುವಿದೆ. ಒಂದು ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯಬೇಕು ಎಂಬ ಲೆಕ್ಕ ನಲವತ್ತೆಂಟು ಸಾವಿರ ಇದ್ದದ್ದನ್ನು ನಲವತ್ತನಾಲ್ಕು ಸಾವಿರದ ನೂರು ಮಾಡಿದೆ. ದನಿ ಒಳಗೆ ಹೋಗುವ ಮೊದಲು ತಂಗುವ ಬಫರ್ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಡಬ್ಬಿಯ ಮೇಲೆ ಒಂದು ಕೆಂಪು ದೀಪ ಇದೆ. ಅದು ಉರಿಯುತ್ತ ನನ್ನನ್ನೇ ನೋಡುತ್ತಿರುತ್ತದೆ. ಅದನ್ನು ಎತ್ತಿ ಗೋಡೆಗೆ ಹೊಡೆಯಬೇಕು ಅನ್ನಿಸಿತು. ಎತ್ತಿದೆ ಕೂಡ. ಮೆಲ್ಲಗೆ ಇಟ್ಟೆ.

18 ನವೆಂಬರ್, ಗುರುವಾರ

ಇವತ್ತು ಅಣ್ಣ ಸೇತುಮಾಧವರನ್ನು ಮೈಕಿನ ಮುಂದೆ ಕೂರಿಸಿಯೇಬಿಟ್ಟ. ಅವರು ಮೊದಲನೇ ಪಾಠ ಓದಿದರು. ಕೆಮ್ಮು ಬಂದರೆ ಕೈ ಎತ್ತುತ್ತಾರೆ, ಮುಖ ಆಚೆ ತಿರುಗಿಸಿ ಕೆಮ್ಮುತ್ತಾರೆ, ನೀರು ಕುಡಿದು ಅದೇ ವಾಕ್ಯದ ಮೊದಲಿಂದ ಶುರು ಮಾಡುತ್ತಾರೆ. ಇಷ್ಟು ಚೆನ್ನಾಗಿ ಓದುವ ಮೇಷ್ಟ್ರು ನನಗೆ ಸಿಕ್ಕಿರಲಿಲ್ಲ. ಅಪರ್ಣಾ ಬೆಂಚಿನಲ್ಲಿ ಕೂತು ತುಟಿ ಆಡಿಸುತ್ತಿದ್ದಳು.

ತಿರುಗಿಸಿ ಕೇಳಿದೆ. ವಾಸ್ಕೋ ಡ ಗಾಮ ಹಡಗು ಹತ್ತಿದ. ಎಲ್ಲಿಗೆ ಬಂದ ಎಂಬುದನ್ನು ಡಬ್ಬಿ ನುಂಗಿತ್ತು.

ಅಣ್ಣ ನನ್ನನ್ನು ಒಳಗೆ ಕರೆದ.

"ಪರವಾ ಇಲ್ಲೆ, ಇದ್ನೇ ಸಿ.ಡಿ. ಮಾಡ್ಕೊಡು. ಕಣ್ ಕಾಣ್ದಿರೋ ಎಣ್ಣು, ಏನ್ ಗೊತ್ತಾಯ್ತದೆ?"

"ಕಣ್ ಕಾಣಲ್ಲ ಅಣ್ಣಾ. ಕಿವಿ ಕೇಳ್ತದಲ್ಲ."

"ಲೇ, ನೀನೇನ್ ಅರಿಶ್ಚಂದ್ರನ ಮನೆ ಮೊಮ್ಮಗನಾ?"

ನಾನು ಹೊರಗೆ ಬಂದು ಹೇಳಿದೆ, "ಸಾರ್, ಇದು ಕೆಟ್ಟೋಗೈತೆ. ಮಾತು ನುಂಗ್ತದೆ. ನಂಗೆ ಸರಿ ಮಾಡೋಕೆ ಗೊತ್ತಾಯ್ತಾ ಇಲ್ಲ."

ಅಣ್ಣನ ಹಳೇ ಕ್ಯಾಸೆಟ್ ಡೆಕ್ ಇದ್ದಿದ್ದರೆ ಅದರಲ್ಲೇ ಮಾಡಬಹುದಿತ್ತು. ಅದನ್ನು ಅವನು ಸಿ.ಡಿ. ಬರೆಯುವ ಯಂತ್ರ ತೆಗೆದುಕೊಳ್ಳುವಾಗ ಬದಲಿಗೆ ಕೊಟ್ಟುಬಿಟ್ಟಿದ್ದಾನೆ. ಇದನ್ನೂ ಹೇಳಿದೆ.

ಸೇತುಮಾಧವರು ಪುಸ್ತಕ ಮುಚ್ಚಿ ಚೀಲಕ್ಕಿಟ್ಟರು. "ಹೇಳಿದ್ದು ಒಳ್ಳೇದಾಯ್ತು" ಎಂದರು. ಆಮೇಲೆ, "ಇನ್ನು ಎಂಟು ದಿನ ಇದೆಯಲ್ಲಪ್ಪಾ" ಎಂದರು. ಅವರು ಸಮಾಧಾನ ಹೇಳಿದ್ದು ನನಗೋ ಮಗಳಿಗೋ ತಿಳಿಯಲಿಲ್ಲ.

19 ನವೆಂಬರ್, ಶುಕ್ರವಾರ

ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಏನು ಹೇಳಬೇಕಾದರೂ ಪೆದ್ದಮ್ಮನಿಗೆ ಹೇಳುತ್ತಾನೆ. ಅವರು ಪಕ್ಕದಲ್ಲೇ ನಿಂತಿರುವ ನನಗೆ ಹೇಳುತ್ತಾರೆ. "ಇಪ್ಪತ್ತಾರರ ಒಳಗೆ ಆಗ್ದಿದ್ರೆ ಓಗ್ತಾ ಇರು ಅಂತ ಏಳ್ತಾವ್ನೆ ಮಗಾ." ಹೋಗುತ್ತೇನೆ ಎಂದೆ. ಹೊಸೂರು ಇದ್ದೇ ಇದೆ.

ಎರಡನೇ ಸಲ ಫಾರ್ಮ್ಯಾಟ್ ಮಾಡಿದೆ. ರಾಹುಕಾಲಕ್ಕೆ ಮೊದಲು ಡಬ್ಬಿ, ಕರ್ಪೂರ, ಎಲ್ಲ ಆಯಿತು. ಆಮೇಲೆ ಸಿ.ಡಿ. ಮತ್ತೆ ಅದೇ.

ಮಧ್ಯಾಹ್ನ ಅಪರ್ಣಾ ತಾಯಿಯ ಜೊತೆ ಬಂದಿದ್ದಳು. ತಾಯಿ ಭಾಮಾ ಅಮ್ಮನವರು ಮೈಸೂರಿನ ಕಡೆಯವರು. ತಮಿಳು ಮಾತಾಡುತ್ತಾರೆ, ಓದಲು ಬಾರದು. ಬಂದಿದ್ದರೆ ಅವರೇ ಓದುತ್ತಿದ್ದರಂತೆ. ಮಗಳ ಪುಸ್ತಕ ಕೈಯಲ್ಲಿ ಹಿಡಿದು, "ಇದು ನಂಗೆ ಬರೀ ಜಿಲೇಬಿ ಕಣಪ್ಪಾ" ಎಂದರು.

"ಅಪ್ಪ ಬರಲಿಲ್ವಾ?" ಎಂದೆ.

"ಡಬ್ಬಿ ಸರಿಹೋಯ್ತಾ ಕೇಳ್ಕೊಂಡು ಬಾ ಅಂತ ನಮ್ಮನ್ನ ಕಳಿಸಿದಾರೆ" ಎಂದಳು ಅಪರ್ಣಾ. "ಮನೇಲಿ ಅಪ್ಪ ಮಾತೇ ಆಡ್ತಿಲ್ಲ, ಗೊತ್ತಾ? ಇಲ್ಲಿಗೆ ಅಂತ ಉಳಿಸ್ತಿದಾರೆ. ಕಾಫಿ ಬೇಕಾದ್ರೆ ಲೋಟ ತಟ್ತಾರೆ. ಒಂದು ವಾರ ಆಯ್ತು. ನಾನು ಲೋಟದ ಜೊತೆ ಮಾತಾಡ್ತಿದೀನಿ."

ನಗುತ್ತಲೇ ಹೇಳಿದಳು. ನಾನು ಸರಿಹೋಗಿಲ್ಲ ಎಂದೆ.

ಒಂದು ವಾರ. ಹದಿಮೂರರಿಂದ ಹತ್ತೊಂಬತ್ತು. ನಾನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದ ದಿನಗಳೆಲ್ಲ ಅವರ ಮನೆಯಿಂದ ಹೋಗಿವೆ.

20 ನವೆಂಬರ್, ಶನಿವಾರ

ಕಂಪ್ಯೂಟರಿನ ಒಳಗಿನ ಕಾರ್ಡಿನಲ್ಲೇ ಪ್ರಯತ್ನಿಸೋಣ ಎಂದು ಸೇತುಮಾಧವರನ್ನು ಕರೆಸಿದೆ. ಎರಡು ಪುಟ ಓದಿದರು. ಈಗ ದನಿ ಎಷ್ಟು ಸಣ್ಣದಾಗಿದೆಯೆಂದರೆ ಫ್ಯಾನಿನ ಗುಂಯ್ ಅದನ್ನು ಮುಳುಗಿಸುತ್ತದೆ, ಅವರು ಓದುವಾಗ ಹಿಂದೆ ಯಾರೋ ಹಿಟ್ಟಿನ ಗಿರಣಿ ಓಡಿಸುತ್ತಿರುವ ಹಾಗಿದೆ. ಮೈಕಿನ ವಾಲ್ಯೂಮ್ ಏರಿಸಿದರೆ ಗಿರಣಿಯೂ ಏರುತ್ತದೆ.

ಎರಡು ಪುಟದ ದನಿ ದಂಡ.

22 ನವೆಂಬರ್, ಸೋಮವಾರ

ಇದನ್ನು ಸರಿಯಾಗಿ ಬರೆಯಬೇಕು.

ಸೇತುಮಾಧವರಿಗೆ ಕಂಡದ್ದನ್ನೆಲ್ಲ ಮಗಳಿಗೆ ಓದಿ ಹೇಳುವ ಅಭ್ಯಾಸ. ಅಂಗಡಿ ಬೋರ್ಡು, ಬಸ್ಸಿನ ಹಿಂದೆ ಬರೆದಿರುವುದು, ಬಿಸ್ಕತ್ತಿನ ಪೊಟ್ಟಣ. ಮಾತು ಉಳಿಸುತ್ತಿರುವವರು ಇದನ್ನು ಮಾತ್ರ ಬಿಟ್ಟಿಲ್ಲ. ಬೆಳಿಗ್ಗೆ ಬಂದವರು ದೇವರ ಗೂಡಿಗೆ ಕೈಮುಗಿದು, ಅಲ್ಲಿದ್ದ ಡಬ್ಬಿಯ ಕಾಗದ ನೋಡಿ, ಕನ್ನಡಕ ಏರಿಸಿ ಪಿಸುದನಿಯಲ್ಲಿ ಓದತೊಡಗಿದರು. ಇಂಗ್ಲಿಷ್. ಅಪರ್ಣಾ ಕಿವಿ ಕೊಟ್ಟಿದ್ದಳು. ಮೊದಲ ಪುಟದ ಮೇಲೇ ಕೆಂಪು ಚೌಕದೊಳಗೆ ದಪ್ಪ ಅಕ್ಷರದಲ್ಲಿ ಮೂರು ಸಾಲು ಇತ್ತು. ಅದರ ಮೇಲೆ ಪೆದ್ದಮ್ಮನ ಅರಿಶಿನದ ಬೆರಳಿನ ಗುರುತು.

"ಏನಪ್ಪಾ ಪಳನಿ, ನೀನು ಮೊದಲು ಏನು ಮಾಡ್ದೆ? ಡಬ್ಬಿ ಚುಚ್ಚಿದ್ಯೋ, ಸಿ.ಡಿ. ಹಾಕಿದ್ಯೋ?"

"ಡಬ್ಬಿ ಸಾರ್. ರಾವುಕಾಲ ಇತ್ತಲ್ಲ."

"ಇಲ್ಲಿ ಬೇರೆ ಥರ ಇದೆ. ಡ್ರೈವರ್ ಹಾಕೋ ತನಕ ಡಬ್ಬಿ ಸಿಕ್ಕಿಸಲೇಬಾರದಂತೆ. ಸಿಕ್ಕಿಸಿದ್ರೆ ಕಂಪ್ಯೂಟರ್ ತನಗೆ ತೋಚಿದ ಡ್ರೈವರ್ ಹಾಕ್ಕೊಂಡುಬಿಡತ್ತಂತೆ. ಆಮೇಲೆ ಎರಡೂ ಕಿತ್ತಾಡತ್ವೆ."

ಮೂರು ಸಲ. ಮೊದಲ ಸಲ, ಮತ್ತೆ ಎರಡು ಫಾರ್ಮ್ಯಾಟ್ ಆದ ಮೇಲೂ, ಮೂರು ಸಲ ಶುಭಗಳಿಗೆಯಲ್ಲಿ ಡಬ್ಬಿಯನ್ನೇ ಮೊದಲು ಚುಚ್ಚಿದ್ದೇನೆ. ಫಾರ್ಮ್ಯಾಟ್ ಆದ ಮೇಲೆ ಸಿ.ಡಿ. ಮೊದಲು ಹಾಕಿದ್ದರೆ ಹದಿನೇಳಕ್ಕೇ ಸರಿಹೋಗುತ್ತಿತ್ತು.

ಪೆದ್ದಮ್ಮನ ಮೇಲೆ ಹಾಕಬಹುದು. ಅಣ್ಣನ ಮೇಲೂ ಹಾಕಬಹುದು. ಆದರೆ ಆ ಕೆಂಪು ಚೌಕವನ್ನು ನಾನು ಮೊದಲ ದಿನವೇ ನೋಡಿದ್ದೆ. ಗ್ಯಾರಂಟಿ ಇರಬೇಕು ಎಂದುಕೊಂಡೆ. ನನಗೆ ಇಂಗ್ಲಿಷ್ ಬಾರದು ಎಂದು ಹೇಳಲು ನನಗೆ ಯಾವತ್ತೂ ನಾಚಿಕೆಯಿಲ್ಲ. ಆದರೆ ಇದನ್ನು ಓದಿಕೊಡಿ ಎಂದು ಯಾರನ್ನೂ ಕೇಳಲಿಲ್ಲ. ಇವೆರಡೂ ಒಂದೇ ಎಂದುಕೊಂಡಿದ್ದೆ.

ಅವರಿಗೆ ಹೇಳಿದೆ. "ತಪ್ಪು ನಂದೇ ಸಾರ್. ಅತ್ತು ದಿನ ಓಯ್ತು."

ಅವರು ಕೈ ಆಡಿಸಿದರು. ಅಪರ್ಣಾ ಮಾತ್ರ ಪುಸ್ತಕದ ಅಂಚನ್ನು ಬೆರಳಿಂದ ಸವರುತ್ತ ಕೂತಳು. ಅವಳು ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ಓದುತ್ತ ಹೋದರು, ನಾನು ಮಾಡುತ್ತ ಹೋದೆ. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ, ಅಂದರೆ ತೀರ ಬೇಕಾದದ್ದು ಮಾತ್ರ ಓಡುವ ಹಾಗೆ, ತೆರೆದೆ. ಅಲ್ಲಿನ ಪಟ್ಟಿಯಲ್ಲಿ ಒಂದೇ ಡಬ್ಬಿಯ ಹೆಸರು ನಾಲ್ಕು ಸಲ ಇತ್ತು. ಎಲ್ಲವನ್ನೂ ತೆಗೆದೆ. ಡಬ್ಬಿ ಕಿತ್ತಿಟ್ಟು ಸಿ.ಡಿ. ಕೈಗೆತ್ತಿಕೊಂಡಾಗ ಪೆದ್ದಮ್ಮ ನಿಂಬೆಹಣ್ಣು ಹಿಡಿದು ಬಂದರು.

"ಡಬ್ಬಿಗೆ ಬ್ಯಾಡ ಪೆದ್ದಮ್ಮಾ. ಈ ಸಲ ಸಿ.ಡಿ.ಗೆ ಮಾಡಿ."

"ಅದ್ಕೂ ಬೊಟ್ಟಿಡ್ಬೋದಾ ಮಗಾ?"

"ಇಡಿ. ಒಳೆಯೋ ಕಡೆ ಅಲ್ಲ, ಅಕ್ಷರ ಇರೋ ಕಡೆ. ಸಣ್ಣದಾಗಿ."

ಸಿ.ಡಿ. ಮುಗಿಯಿತು. ಡಬ್ಬಿ ಚುಚ್ಚಿದೆ. ಮೈಕಿನ ಮುಂದೆ ಒಂದರಿಂದ ಇಪ್ಪತ್ತು ಎಣಿಸಿ ಹೆಡ್‌ಫೋನಿನಲ್ಲಿ ಕೇಳಿದೆ. ಇಪ್ಪತ್ತೂ ಇದ್ದವು. ಅಂಕಿಗಳ ನಡುವೆ ಏನೂ ಇರಲಿಲ್ಲ. ನಾನು ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು. ಕೂಗಬೇಕು ಅನ್ನಿಸಲಿಲ್ಲ. "ಕೂತ್ಕೊಳಿ ಸಾರ್" ಎಂದೆ.

ಎರಡು ಪಾಠ ಆಯಿತು. ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದ.

23 ನವೆಂಬರ್

ಎರಡು ಪಾಠ. ಅಣ್ಣ ನನ್ನ ಜೊತೆ ಮಾತಾಡಿದ. "ಎಂಗೆ, ನಾನ್ ಏಳ್ಲಿಲ್ವಾ ಇಪ್ಪತ್ತು ಬಿಟ್ಟು ಅಂತ" ಎಂದ.

24 ನವೆಂಬರ್

ಎರಡು ಪಾಠ. ಎರಡನೆಯದು ಕಷ್ಟವಾಯಿತು. ಕೆಮ್ಮಿಗೆ ಕೈ ಎತ್ತಿದರೆ ಇಳಿಸಲು ಹೊತ್ತಾಗುತ್ತದೆ. ನಾನು ಅವರ ಕೈಯನ್ನೇ ನೋಡುತ್ತಿರುತ್ತೇನೆ. ಕೆಂಪು ದೀಪ ಇದೆಯೋ ಇಲ್ಲವೋ ಎಂದು ನೋಡುವುದನ್ನೇ ಮರೆತಿದ್ದೆ.

ಬಿಸಿನೀರು ತಂದುಕೊಡುವುದು ಪೆದ್ದಮ್ಮನ ಕೆಲಸ. ರೆಕಾರ್ಡಿಂಗ್ ನಡೆಯುವಾಗ ಕಾಲ್ಬೆರಳ ಉಂಗುರ ಸದ್ದು ಮಾಡುತ್ತದೆಂದು ಬಾಗಿಲಲ್ಲೇ ನಿಂತು ಲೋಟವನ್ನು ನನ್ನ ಕಡೆ ಚಾಚುತ್ತಾರೆ.

25 ನವೆಂಬರ್

ಒಂದೇ ಪಾಠ. ಏಳು ಆಯಿತು.

26 ನವೆಂಬರ್, ಶುಕ್ರವಾರ

ಎಂಟನೆಯದು ಮುಗಿಯಿತು. ಒಂಬತ್ತನೆಯದರಲ್ಲಿ ನಾಲ್ಕು ಪುಟ ಓದಿದರು. ಐದನೇ ಪುಟ ತಿರುಗಿಸಿ ಬಾಯಿ ತೆರೆದರು, ಬರೀ ಗಾಳಿ ಬಂತು. ನೀರು ಕುಡಿದರು. ಮತ್ತೆ ಗಾಳಿ. ಹೆಡ್‌ಫೋನಿನಲ್ಲಿ ನನಗೆ ಆ ಗಾಳಿ ಬಹಳ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಒಳ್ಳೆಯ ಡಬ್ಬಿ ಅದು.

ಪುಸ್ತಕ ಮುಚ್ಚಿ ಬೆರಳು ಗುರುತಿಟ್ಟರು. ಅಪರ್ಣಾ ಎದ್ದು ಬಂದು ಅವರ ಗಂಟಲನ್ನು ಮುಟ್ಟಿದಳು. "ಸಾಕಪ್ಪಾ. ಎಂಟೂವರೆ ಪಾಠಕ್ಕೆ ಪಾಸ್ ಮಾರ್ಕ್ಸ್ ಬರತ್ತೆ" ಎಂದಳು.

ನಾನು ಕಳೆದ ಹತ್ತು ದಿನ ಇದ್ದಿದ್ದರೆ ಹನ್ನೊಂದೂ ಆಗುತ್ತಿತ್ತು. ಇದನ್ನು ಇಲ್ಲಿ ಬರೆದಿಡಬೇಕು.

2 ಡಿಸೆಂಬರ್, ಗುರುವಾರ

ಮದ್ರಾಸಿನಿಂದ ಭಾಮಾ ಅಮ್ಮನವರ ಫೋನ್ ಬಂದಿತ್ತು. ಆಪರೇಷನ್ ಆಗಿದೆ. ಚೆನ್ನಾಗಿದ್ದಾರಂತೆ. ಅಪರ್ಣಾ ಇಲ್ಲೇ ಸೋದರತ್ತೆಯ ಮನೆಯಲ್ಲಿದ್ದಾಳೆ.

ಮಾರಿಯಪ್ಪನ ಇನ್ನೊಂದು ಕಾಗದ ಬಂದಿದೆ. ಎಲ್ಲಿಟ್ಟೆನೋ.

6 ಡಿಸೆಂಬರ್, ಸೋಮವಾರ

ಅಪರ್ಣಾಳ ಅತ್ತೆಯ ಮನೆಗೆ ಎಂಟೂವರೆ ಪಾಠದ ಸಿ.ಡಿ.ಗಳನ್ನು ಕೊಟ್ಟುಬರಲು ಹೋದೆ. ಉಳಿದ ಪಾಠ ಯಾರು ಓದುತ್ತಾರೆ ಎಂದೆ. ಅತ್ತೆಗೆ ಆಫೀಸು. ಪಕ್ಕದ ಮನೆಯವಳು ಓದಿದಳಂತೆ, ಕಷ್ಟದ ಕಡೆಯೆಲ್ಲ ಹಾರಿಸಿಬಿಡುತ್ತಾಳಂತೆ. "ನಾನು ಪುಟ ಎಣಿಸ್ತೀನಿ ಅಂತ ಅವಳಿಗೆ ಗೊತ್ತಿಲ್ಲ" ಎಂದಳು.

"ನಂಗೆ ತಮಿಳು ಓದೋಕೆ ಬರ್ತದೆ" ಎಂದೆ. ಅದು ಪೂರ್ತಿ ನಿಜವಲ್ಲ ಎನಿಸಿ, "ಬಸ್ ಬೋರ್ಡು, ಸಿನಿಮಾ ಪೋಸ್ಟರು" ಎಂದು ಸೇರಿಸಿದೆ.

"ನಮ್ಮಮ್ಮನಿಗಿಂತ ವಾಸಿ" ಎಂದು ಪುಸ್ತಕ ಕೊಟ್ಟಳು. ಅವಳಪ್ಪ ಗುರುತಿಗೆ ಬಸ್ ಟಿಕೆಟ್ ಇಟ್ಟಿದ್ದರು.

9 ಡಿಸೆಂಬರ್

ಒಂದು ಪುಟಕ್ಕೆ ಇಪ್ಪತ್ತು ನಿಮಿಷ. ಕನ್ನಡದಲ್ಲಿ ಕ, ಖ, ಗ, ಘ ಎಂದು ಬೇರೆ ಬೇರೆ ಇರುತ್ತವೆ. ಇಲ್ಲಿ ನಾಲ್ಕಕ್ಕೂ ಒಂದೇ ಅಕ್ಷರ, ಎಲ್ಲಿ ಯಾವುದು ಎಂದು ನಾನೇ ಊಹಿಸಬೇಕು. ಒಂದೊಂದು ವಾಕ್ಯ ಧರ್ಮಪುರಿಯಲ್ಲಿ ಹತ್ತಿದರೆ ಮೇಟ್ಟೂರಿನಲ್ಲಿ ಇಳಿಯುತ್ತದೆ. ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋದೆ. ಬೀದಿಯ ಕೊನೆಯವರೆಗೆ ಹೋಗಿ ವಾಪಸ್ಸು ಬಂದೆ.

ಬಂಗಾಳದಲ್ಲಿ "ಇರಟ್ಟೈ ಆಟ್ಚಿ" ಅಂತ ಒಂದು ಬರುತ್ತದೆ. ಎರಡು ಸರಕಾರ. ಒಂದೇ ಊರಿಗೆ ಎರಡು ಸರಕಾರ ಹೇಗೆ? ನಾಲ್ಕು ಸಲ ಓದಿದೆ. ತಿಳಿಯಲಿಲ್ಲ. ತಿಳಿದ ಹಾಗೆ ಓದಿಬಿಡಬಹುದು, ದನಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆಗಲಿಲ್ಲ. ಮೈಕಿನ ಮುಂದೆ ಕನ್ನಡದಲ್ಲಿ ಹೇಳಿದೆ: "ಈ ಜಾಗ ನಂಗೆ ತಿಳೀಲಿಲ್ಲ. ಇನ್ನೊಂದು ಸಲ ಓದ್ತೀನಿ." ಓದಿದೆ. "ಈಗ್ಲೂ ತಿಳೀಲಿಲ್ಲ. ಮುಂದಕ್ಕೆ ಓಗ್ತೀನಿ."

ಅದನ್ನು ಅಳಿಸಲಿಲ್ಲ.

20 ಡಿಸೆಂಬರ್, ಸೋಮವಾರ

ಸೇತುಮಾಧವರು ಮನೆಗೆ ಬಂದಿದ್ದಾರೆ. ಒಂಬತ್ತನೇ ಪಾಠ ಪೂರ್ತಿಯಾದ ಸಿ.ಡಿ. ತೆಗೆದುಕೊಂಡು ಹೋದೆ. ತುಂಬ ಇಳಿದುಹೋಗಿದ್ದಾರೆ. ಕತ್ತಿನಲ್ಲಿ ತೂತು, ಅದರ ಮೇಲೆ ತೆಳು ಬಟ್ಟೆ. ಮಡಿಲಲ್ಲಿ ಮಕ್ಕಳ ಸ್ಲೇಟು. ಏನು ಬೇಕಾದರೂ ಅದರಲ್ಲಿ ಕನ್ನಡದಲ್ಲಿ ಬರೆಯುತ್ತಾರೆ, ಭಾಮಾ ಅಮ್ಮನವರು ಓದಿಕೊಳ್ಳುತ್ತಾರೆ. ಅಮ್ಮ ಅಡುಗೆಮನೆಯಲ್ಲಿದ್ದರೆ ಅಪ್ಪ ಮಗಳ ನಡುವೆ ಏನೂ ಇಲ್ಲ. ಇವರಿಗೆ ಹೇಳಲಾಗದು, ಅವಳಿಗೆ ನೋಡಲಾಗದು. ಹಲಗೆಯ ಮೇಲೆ ಬಳಪ ಕಿರುಗುಟ್ಟಿದರೆ ಅವಳು ಆ ಕಡೆ ತಿರುಗಿ ಕಾಯುತ್ತಾಳೆ. ಅಷ್ಟೇ. ಈ ಮನೆಯಲ್ಲಿ ಇಂಥದ್ದು ಆಗುತ್ತದೆಂದು ನಾನು ಯೋಚಿಸಿರಲೇ ಇಲ್ಲ.

ಅಪರ್ಣಾ ಸಿ.ಡಿ. ಹಾಕಿ ಒಂಬತ್ತನ್ನು ಒತ್ತಿದಳು. ಅವರ ದನಿ ಬಂತು. ಯಾರೂ ಅಲ್ಲಾಡಲಿಲ್ಲ. ನಾಲ್ಕು ಪುಟ. ಆಮೇಲೆ ನನ್ನ ದನಿ. ನನಗೆ ನೆಲದಲ್ಲಿ ಹೂತುಹೋಗಬೇಕು ಅನ್ನಿಸಿತು. ಹಳ್ಳ ಬಿದ್ದ ರಸ್ತೆಯಲ್ಲಿ ಎತ್ತಿನ ಗಾಡಿ ಹೋದ ಹಾಗೆ ಹೋಗುತ್ತಿತ್ತು. "ಈ ಜಾಗ ನಂಗೆ ತಿಳೀಲಿಲ್ಲ" ಬಂದಾಗ ಸೇತುಮಾಧವರ ಭುಜ ಕುಣಿಯತೊಡಗಿತು. ಕೆಮ್ಮೇನೋ ಎಂದು ಹೆದರಿದೆ. ನಗು. ಅದಕ್ಕೂ ಸದ್ದಿಲ್ಲ.

"ಅಪ್ಪ ಏನು ಮಾಡ್ತಿದಾರೆ?" ಎಂದಳು ಅಪರ್ಣಾ.

"ನಗ್ತಾವ್ರೆ."

ಅವರು ಸ್ಲೇಟಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ಓದಿದೆ: "ಅಧಿಕಾರ ಕಂಪನಿಯ ಕೈಯಲ್ಲಿ, ಬೈಗುಳ ನವಾಬನಿಗೆ. ಅದೇ ಎರಡು ಸರಕಾರ."

"ಓಹೋ, ನಮ್ ಅಂಗಡಿ ಥರ" ಎಂದೆ.

"ಇಲ್ಲಪ್ಪಾ, ಅಷ್ಟೇ ಅಲ್ಲ!" ಅಪರ್ಣಾ ನನ್ನ ದನಿ ಬಂದ ಕಡೆಗೆ ತಿರುಗಿ ಅಪ್ಪನ ಜೊತೆ ಜಗಳಕ್ಕೇ ನಿಂತಳು. "ತೆರಿಗೆ ವಸೂಲಿ ವಿಷಯ ಬಿಟ್ಟುಬಿಟ್ರಲ್ಲ ನೀವು!"

ಅವರು ಒರೆಸಿದರು, ಬರೆದರು. ನಾನು ಓದಿದೆ. ಅವಳು ಮತ್ತೆ ಇಲ್ಲ ಎಂದಳು. ಅವರು ಬಳಪ ಮುರಿಯುವ ಹಾಗೆ ಬರೆದರು. ಅಡುಗೆಮನೆಯಿಂದ ಭಾಮಾ ಅಮ್ಮನವರು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಎಷ್ಟು ಹೊತ್ತು ನಡೆಯಿತೋ, ನನಗೆ ಗಂಟಲು ಒಣಗಿತು. ಬಂಗಾಳದ ನವಾಬನಿಗೆ ಎರಡೂ ಕಡೆಯಿಂದ ಪೆಟ್ಟು, ನಡುವೆ ನಾನು.

ಕೊನೆಗೆ ಅವರು ಒಂದು ಸಾಲು ಬರೆದು, ಸ್ವಲ್ಪ ಯೋಚಿಸಿ, ಕೆಳಗೆ ಇನ್ನೊಂದು ಸೇರಿಸಿ ತಿರುಗಿಸಿದರು.

"ಏನು ಬರೆದಿದಾರೆ?" ಎಂದಳು.

ಇದ್ದದ್ದನ್ನು ಇದ್ದ ಹಾಗೇ ಓದಿದೆ: "ಈ ಹುಡುಗನ ತಮಿಳು ಕೇಳಲಾಗದು. ದಿನಾ ಬರಲು ಹೇಳು."